ನಾಯಿಗೆ ಕೆರೆತವೇ? ಅಲರ್ಜಿ ಅನ್ನುವ ಮುಂಚೆ ಏನೇನು ನೋಡಬೇಕು

ನಾಯಿ ಕೆರೆದುಕೊಳ್ಳುತ್ತಿದೆ ಅಂದರೆ ಸಲಹೆಗೆ ಬರವಿಲ್ಲ. ಪಕ್ಕದ ಮನೆಯವರು ‘ಕೋಳಿ ಉಷ್ಣ ರೀ, ಮೊದಲು ಅದನ್ನ ನಿಲ್ಲಿಸಿ’ ಅನ್ನುತ್ತಾರೆ. ಪೆಟ್ ಶಾಪಿನವರು ಇನ್ನೊಂದು ಕಂಪನಿಯ ಆಹಾರದ ಚೀಲ ಕೈಗಿಡುತ್ತಾರೆ. ವಾಕಿಂಗಿನಲ್ಲಿ ಸಿಗುವವರು ಬೇವಿನೆಣ್ಣೆ ಹಚ್ಚಿ ಅನ್ನುತ್ತಾರೆ. ಎಲ್ಲರೂ ಹೇಳುವ ರೋಗದ ಹೆಸರು ಮಾತ್ರ ಒಂದೇ, ಅಲರ್ಜಿ.

ಅಲರ್ಜಿ ಇರಬಹುದು. ಆದರೆ ಕೆರೆತಕ್ಕೆ ಕಾರಣ ಒಂದಲ್ಲ, ಹತ್ತಿವೆ. ಹಾಗಾಗಿ ಹುಡುಕುವುದಕ್ಕೆ ಒಂದು ಕ್ರಮ ಇದೆ. ಮೊದಲು ಮೈಮೇಲಿನ ಹುಳ, ಆಮೇಲೆ ಚರ್ಮದ ಸೋಂಕು, ಆಮೇಲೆ ಆಹಾರ, ಕೊನೆಗೆ ಧೂಳು ಮತ್ತು ಪರಾಗ. ಧೂಳು-ಪರಾಗದ ಅಲರ್ಜಿಯನ್ನು ‘ಇದೇ’ ಎಂದು ಹೇಳುವ ಪರೀಕ್ಷೆ ಯಾವುದೂ ಇಲ್ಲ. ಉಳಿದದ್ದೆಲ್ಲ ಅಲ್ಲ ಎಂದಾದ ಮೇಲೆ ಉಳಿಯುವುದು ಅದು. ನಮ್ಮಲ್ಲಿ ಜಾಸ್ತಿ ಜನ ಈ ಸಾಲನ್ನು ಮಧ್ಯದಿಂದ, ಅಂದರೆ ಆಹಾರದಿಂದ ಶುರು ಮಾಡುತ್ತಾರೆ. ಆರು ತಿಂಗಳಲ್ಲಿ ನಾಲ್ಕು ಚೀಲ ಬದಲಾಗಿರುತ್ತವೆ, ಕೆರೆತ ಹಾಗೇ ಇರುತ್ತದೆ.

ಇವಾದರೆ ಓದುತ್ತ ಕೂರಬೇಡಿ

ಜೇನುನೊಣ ಅಥವಾ ಕಣಜ ಕಚ್ಚಿದ ಮೇಲೆ, ಲಸಿಕೆ ಹಾಕಿಸಿದ ಮೇಲೆ, ಹೊಸ ಔಷಧಿ ಕೊಟ್ಟ ಮೇಲೆ ಮುಖ ಊದಿಕೊಂಡರೆ, ಮೈತುಂಬ ದದ್ದು ಎದ್ದರೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಊತದ ಜೊತೆ ಏದುಸಿರು, ಮೇಲಿಂದ ಮೇಲೆ ವಾಂತಿ, ಭೇದಿ, ಬಿಳಿಚಿದ ವಸಡು, ನಿಲ್ಲಲಾಗದ ಸುಸ್ತು ಇದ್ದರೆ ಫೋನ್ ಕೂಡ ಬೇಡ, ಗಾಡಿಯಲ್ಲಿ ಹಾಕಿಕೊಂಡು ಹೊರಡಿ. ನಾಯಿಗಳಲ್ಲಿ ಜೀವಕ್ಕೆ ಕುತ್ತು ತರುವ ಅಲರ್ಜಿ ಎಷ್ಟೋ ಸಲ ಹೊಟ್ಟೆಯಿಂದ ಶುರುವಾಗುತ್ತದೆ. ಅದಕ್ಕೇ ಕಣಜ ಕಚ್ಚಿದ ಮೇಲೆ ವಾಂತಿ ಆದರೆ ‘ಏನೋ ತಿಂದಿರಬೇಕು’ ಎಂದು ಬಿಡಬಾರದು.

ಇನ್ನು ಮುಂದಿನದೆಲ್ಲ ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುವ ಕೆರೆತದ ವಿಚಾರ.

ಎಲ್ಲಿ ಕೆರೆಯುತ್ತಿದೆ?

ಮನುಷ್ಯರಿಗೆ ಧೂಳಿನ ಅಲರ್ಜಿ ಆದರೆ ಸೀನು, ಮೂಗು ಸೋರುವುದು. ನಾಯಿಗೆ ಅದು ಹೆಚ್ಚಾಗಿ ಚರ್ಮದಲ್ಲೇ ಕಾಣುತ್ತದೆ. ಕೆರೆಯುವುದು ಅಂದರೆ ಬರೀ ಹಿಂಗಾಲಿನಲ್ಲಿ ಪರಪರ ಅನ್ನಿಸುವುದಲ್ಲ. ಪಾದ ನೆಕ್ಕುವುದು, ಬೆರಳ ಸಂದು ಕಚ್ಚುವುದು, ಸೋಫಾಗೆ ಮುಖ ಉಜ್ಜುವುದು, ತಲೆ ಒದರುವುದು, ಅಂಡು ನೆಲಕ್ಕೆ ಎಳೆಯುವುದು, ಇವೂ ಕೆರೆತವೇ. ‘ನಮ್ಮ ನಾಯಿ ಸ್ವಚ್ಛತೆಯ ಹುಚ್ಚಿಂದು, ಯಾವಾಗಲೂ ಕಾಲು ನೆಕ್ಕುತ್ತಿರುತ್ತೆ’ ಅನ್ನುವವರಿದ್ದಾರೆ. ಬಿಳಿ ನಾಯಿಯ ಪಾದದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದು ಎಂಜಲಿನ ಕಲೆ. ತುಂಬ ದಿನದಿಂದ ನೆಕ್ಕುತ್ತಿದೆ ಎಂದು ಅರ್ಥ.

ಕೆರೆತದ ಜಾಗ ಅರ್ಧ ಕಥೆ ಹೇಳುತ್ತದೆ. ಬಾಲದ ಬುಡ, ಸೊಂಟದ ಮೇಲ್ಭಾಗ, ಹಿಂದೊಡೆ ಆದರೆ ಚಿಗಟದ ಮೇಲೆ ಅನುಮಾನ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಿಣ್ಣು, ಹೊಟ್ಟೆ ಆದರೆ ಕಜ್ಜಿಯ ನುಸಿ. ಮುಂಗಾಲ ಪಾದ, ಕಿವಿಯ ಒಳಭಾಗ, ಕಂಕುಳು, ತೊಡೆಸಂದು, ಕಣ್ಣು-ಬಾಯಿಯ ಸುತ್ತ ಆದರೆ ಆಹಾರ ಅಥವಾ ಧೂಳು-ಪರಾಗ. ಈ ಕೊನೆಯ ಎರಡನ್ನು ನೋಡಿ ಬೇರೆ ಮಾಡುವುದಕ್ಕೆ ಆಗುವುದಿಲ್ಲ. ಎಷ್ಟೇ ಅನುಭವಿ ವೈದ್ಯರಾದರೂ ಬರೀ ಕಣ್ಣಲ್ಲಿ ನೋಡಿ ‘ಇದು ಊಟದ್ದೇ’ ಎಂದು ಹೇಳಲಾರರು.

ಕೂದಲು ಉದುರಿದೆ, ಆದರೆ ಕೆರೆತವೇ ಇಲ್ಲ ಅಂತಾದರೆ ಅಲರ್ಜಿಯ ಹಾದಿ ಬಿಡಿ. ಥೈರಾಯ್ಡ್ ತೊಂದರೆ, ಹಾರ್ಮೋನ್ ಏರುಪೇರು, ಮರಿಗಳಲ್ಲಾದರೆ ಡೆಮೊಡೆಕ್ಸ್ ನುಸಿ, ಇವನ್ನು ನೋಡಬೇಕು.

ಒಂದು ಕೆಲಸ ಈಗಲೇ ಶುರು ಮಾಡಿ. ದಿನಾ ರಾತ್ರಿ ಕೆರೆತಕ್ಕೆ 0ರಿಂದ 10ರೊಳಗೆ ಒಂದು ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆಯಿರಿ. 0 ಅಂದರೆ ಕೆರೆತವೇ ಇಲ್ಲ. 10 ಅಂದರೆ ಊಟ, ಆಟ, ನಿದ್ದೆ ಎಲ್ಲ ಬಿಟ್ಟು ಕೆರೆಯುವುದು. ಚರ್ಮದ ವೈದ್ಯರೂ ಇಂಥ ಅಳತೆಯನ್ನೇ ಬಳಸುತ್ತಾರೆ. ಇದಿಲ್ಲದಿದ್ದರೆ ಎರಡು ತಿಂಗಳಾದ ಮೇಲೆ ‘ಸ್ವಲ್ಪ ಕಡಿಮೆ ಆಗಿದೆ ಅನ್ಸುತ್ತೆ’ ಅನ್ನುವುದು ಬಿಟ್ಟು ನಿಮ್ಮ ಹತ್ತಿರ ಬೇರೇನೂ ಇರುವುದಿಲ್ಲ.

ಚಿಗಟ: ‘ನಮ್ಮ ನಾಯಿಗಿಲ್ಲ’ ಅನ್ನುವವರೇ ಮೊದಲು ನೋಡಿ

ಚಿಗಟದ ಅಲರ್ಜಿ ಇರುವ ನಾಯಿಯಲ್ಲಿ ಚಿಗಟ ಕಾಣುವುದೇ ಕಷ್ಟ. ಕೆರೆದು, ಕಚ್ಚಿ, ನೆಕ್ಕಿ ನಾಯಿಯೇ ಅವನ್ನು ನುಂಗಿರುತ್ತದೆ. ಇಲ್ಲಿ ತೊಂದರೆ ಕೊಡುವುದು ಚಿಗಟದ ಎಂಜಲು, ಚಿಗಟಗಳ ಸಂಖ್ಯೆಯಲ್ಲ. ಎರಡು-ಮೂರು ಕಡಿತ ಸಾಕು, ನಾಯಿ ದಿನಗಟ್ಟಲೆ ಒದ್ದಾಡುತ್ತದೆ.

ಹೀಗೆ ನೋಡಿ. ನಾಯಿಯನ್ನು ಬಿಳಿ ಬಟ್ಟೆ ಅಥವಾ ಹಾಳೆಯ ಮೇಲೆ ನಿಲ್ಲಿಸಿ. ಹತ್ತಿರ ಹಲ್ಲಿನ ಬಾಚಣಿಗೆ ತಗೊಳ್ಳಿ, ಹೇನಿನ ಬಾಚಣಿಗೆಯಾದರೂ ಆಗುತ್ತದೆ. ಬಾಲದ ಬುಡದಲ್ಲಿ ಕೂದಲ ಬೇರಿಗೆ ತಾಗುವ ಹಾಗೆ ಬಾಚಿ. ಹಾಳೆಯ ಮೇಲೆ ಕರಿ ಪುಡಿ ಬೀಳುತ್ತದೆ, ನೋಡಿದರೆ ಮಣ್ಣೇ ಅನ್ನಿಸುತ್ತದೆ. ಆ ಪುಡಿಯನ್ನು ಒದ್ದೆ ಟಿಶ್ಯೂ ಪೇಪರಿನ ಮೇಲೆ ಉದುರಿಸಿ ಒಂದೆರಡು ನಿಮಿಷ ಬಿಡಿ. ಮಣ್ಣಾದರೆ ಕರಿ ಚುಕ್ಕಿ ಹಾಗೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಪ್ರತಿ ಚುಕ್ಕಿಯ ಸುತ್ತ ಕೆಂಪು-ಕಂದು ಬಣ್ಣ ಹರಡುತ್ತದೆ. ಅದು ನಿಮ್ಮ ನಾಯಿಯದೇ ರಕ್ತ, ಚಿಗಟ ಕುಡಿದು ಹೊರಹಾಕಿದ್ದು.

ಏನೂ ಸಿಗಲಿಲ್ಲ ಅಂದರೂ ಚಿಗಟ ಇಲ್ಲ ಎಂದು ತೀರ್ಮಾನಿಸಬೇಡಿ. ಮೊದಲು ಚಿಗಟದ ಔಷಧಿಯನ್ನು ಸರಿಯಾಗಿ, ತಪ್ಪದೇ ಮೂರು ತಿಂಗಳಾದರೂ ಕೊಟ್ಟು ನೋಡಬೇಕು. ಮೂರು ತಿಂಗಳು ಯಾಕೆ? ನಾಯಿಯ ಮೈಮೇಲಿರುವ ದೊಡ್ಡ ಚಿಗಟಗಳು ಒಟ್ಟು ಸಂಸಾರದ ನೂರಕ್ಕೆ 5 ಭಾಗದಷ್ಟೇ. ಉಳಿದದ್ದು ಮೊಟ್ಟೆ, ಮರಿಹುಳ, ಗೂಡುಗಳಾಗಿ ನಿಮ್ಮ ಕಾಲೊರಸು, ಸೋಫಾ ಸಂದು, ನಾಯಿಯ ಹಾಸಿಗೆ, ಕಾರಿನ ಸೀಟಿನಲ್ಲಿ ಇರುತ್ತದೆ. ಗೂಡಿನೊಳಗಿನದು ತಿಂಗಳುಗಟ್ಟಲೆ ಕಾಯಬಲ್ಲದು. ನಮ್ಮ ಕಡೆ ಅವುಗಳನ್ನು ಕೊಲ್ಲುವಂಥ ಚಳಿಗಾಲವೂ ಇಲ್ಲ. ಮನೆಯಲ್ಲಿ ಬೆಕ್ಕು, ಇನ್ನೊಂದು ನಾಯಿ ಇದ್ದರೆ ಎಲ್ಲಕ್ಕೂ ಒಟ್ಟಿಗೆ ಔಷಧಿ ಆಗಬೇಕು. ಆದರೆ ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿಯನ್ನು ಬೆಕ್ಕಿಗೆ ಯಾವ ಕಾರಣಕ್ಕೂ ಹಾಕಬೇಡಿ, ಬೆಕ್ಕು ಸಾಯುತ್ತದೆ. ದನಕ್ಕೆ ಉಣ್ಣೆ ಹೋಗಲಿ ಎಂದು ತಂದಿಟ್ಟ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಸುರಿಯುವುದು ಹಳ್ಳಿ ಕಡೆ ರೂಢಿ. ಅದೂ ಬೇಡ.

ಫ್ಲುರಾಲನರ್, ಅಫಾಕ್ಸೋಲನರ್ ಗುಂಪಿನ ಮಾತ್ರೆಗಳು ಬಂದ ಮೇಲೆ ಈ ಹಂತ ತುಂಬ ಸುಲಭವಾಗಿದೆ. ಮೊದಲನೆಯದು ಒಂದು ಸಲಕ್ಕೆ ಸುಮಾರು 12 ವಾರ, ಎರಡನೆಯದು ಒಂದು ತಿಂಗಳು ಕೆಲಸ ಮಾಡುತ್ತದೆ. ಉಣ್ಣೆಯೂ ಹೋಗುತ್ತದೆ. ನಾಯಿಗೆ ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮಾತ್ರ ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಮನೆಯವರಿಗೂ ಕೆರೆತ ಇದೆಯಾ?

ಇದೊಂದು ಪ್ರಶ್ನೆ ಎಷ್ಟೋ ಸಲ ಉತ್ತರವನ್ನೇ ಕೊಡುತ್ತದೆ. ನಾಯಿಯನ್ನು ಎತ್ತಿಕೊಳ್ಳುವವರ ಮುಂಗೈ, ಹೊಟ್ಟೆ ಮೇಲೆ ಕೆಂಪು ಗುಳ್ಳೆ ಎದ್ದು ಕೆರೆಯುತ್ತಿದ್ದರೆ ಕಜ್ಜಿಯ ನುಸಿ, ಅಂದರೆ ಸಾರ್ಕಾಪ್ಟಿಸ್ ನೆನಪಾಗಬೇಕು. ಬೀದಿನಾಯಿಗಳ ಜೊತೆ ಆಡಿದ, ಬೋರ್ಡಿಂಗಿನಲ್ಲಿದ್ದು ಬಂದ, ಈಚೆಗೆ ದತ್ತು ತಂದ ನಾಯಿಯಾದರೆ ಇನ್ನೂ ಜಾಸ್ತಿ.

ನಾಯಿಯ ಕಿವಿಯ ಅಂಚನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ ನೋಡಿ. ಅದೇ ಕಡೆಯ ಹಿಂಗಾಲು ತಾನಾಗಿ ಗಾಳಿಯಲ್ಲಿ ಕೆರೆಯಲು ಶುರು ಮಾಡಿದರೆ ಅನುಮಾನ ಬಲವಾಯಿತು. ಇದೊಂದೇ ಸಾಕ್ಷಿ ಸಾಲದು, ಆದರೆ ವೈದ್ಯರಿಗೆ ಹೇಳಬೇಕಾದ ವಿಷಯ. ಅವರು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಈ ನುಸಿ ಕೆರೆದಾಗ ಸಿಗದೇ ಹೋಗುವುದು ಮಾಮೂಲು. ಹಾಗಾಗಿ ‘ನೆಗೆಟಿವ್’ ಬಂದರೂ ಔಷಧಿ ಕೊಟ್ಟು ನೋಡುತ್ತಾರೆ. ಮೇಲೆ ಹೇಳಿದ ಚಿಗಟದ ಮಾತ್ರೆಗಳೇ ಇದಕ್ಕೂ ಕೆಲಸ ಮಾಡುತ್ತವೆ, ಅಲ್ಲಿಗೆ ಎರಡು ಅನುಮಾನ ಒಂದೇ ಏಟಿಗೆ ತೀರುತ್ತದೆ. ಐವರ್‌ಮೆಕ್ಟಿನ್ ಸೂಜಿ ಅಗ್ಗ ಎಂದು ನೀವೇ ತಂದು ಕೊಡಬೇಡಿ. ಕೋಲಿ ಥರದ ಕೆಲವು ತಳಿಗಳಿಗೆ ಅದು ಮೆದುಳಿಗೇ ಏರುತ್ತದೆ.

ಸೋಂಕು: ಮೂಗು ಹೇಳುವುದು

ಅಲರ್ಜಿಯ ಚರ್ಮ ಬಿರುಕು ಬಿಟ್ಟ ಚರ್ಮ. ಮಾಮೂಲಾಗಿ ಮೈಮೇಲೆ ತಣ್ಣಗಿರುವ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ, ಮಲಸೀಜಿಯ ಎನ್ನುವ ಯೀಸ್ಟ್ ಅಲ್ಲಿ ಬೆಳೆದುಕೊಳ್ಳುತ್ತವೆ. ಆಮೇಲೆ ಅವೇ ಕೆರೆತ ಹೆಚ್ಚಿಸುತ್ತವೆ. ಅಲರ್ಜಿ ಅಂಕ 4 ಇದ್ದದ್ದು ಸೋಂಕು ಸೇರಿ 8 ಆಗಿರುತ್ತದೆ. ಸೋಂಕನ್ನು ಹಾಗೇ ಬಿಟ್ಟು ಅಲರ್ಜಿಗೆ ಎಷ್ಟು ದುಬಾರಿ ಔಷಧಿ ಕೊಟ್ಟರೂ ‘ಇದು ನಮ್ಮ ನಾಯಿಗೆ ಹಿಡಿಯಲ್ಲ’ ಅನ್ನಿಸುತ್ತದೆ.

ಯೀಸ್ಟ್ ಆದರೆ ವಾಸನೆ ಬರುತ್ತದೆ, ಹಳಸಿದ, ಜಿಡ್ಡಿನ ವಾಸನೆ. ಕೈಗೆ ಎಣ್ಣೆ ಅಂಟಿದ ಹಾಗಾಗುತ್ತದೆ. ತುಂಬ ದಿನ ಬಿಟ್ಟರೆ ಕತ್ತಿನ ಕೆಳಗೆ, ಕಂಕುಳಲ್ಲಿ ಚರ್ಮ ಕಪ್ಪಗೆ, ದಪ್ಪಗೆ ಆನೆಯ ಚರ್ಮದಂತಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಇದರದೇ ಕಾಟ. ಪಾದ ಒರೆಸದೆ ಬಿಟ್ಟರೆ ಬೆರಳ ಸಂದು ಒಣಗುವುದೇ ಇಲ್ಲ. ಬ್ಯಾಕ್ಟೀರಿಯಾ ಆದರೆ ಹೊಟ್ಟೆ ಮೇಲೆ ಕೀವಿನ ಚಿಕ್ಕ ಗುಳ್ಳೆ, ಅದು ಒಡೆದ ಮೇಲೆ ಸುತ್ತ ಹೊಟ್ಟು ಎದ್ದ ದುಂಡನೆ ಗುರುತು. ಆ ದುಂಡು ಗುರುತನ್ನು ನೋಡಿ ಹುಳುಕಡ್ಡಿ ಎಂದು ಮೆಡಿಕಲ್ ಸ್ಟೋರಿನ ಟ್ಯೂಬ್ ಹಚ್ಚುವವರು ತುಂಬ. ಆ ಟ್ಯೂಬಿನಲ್ಲಿ ಎಷ್ಟೋ ಸಲ ಕ್ಲೋಬೆಟಸಾಲ್ ಎನ್ನುವ ಬಲವಾದ ಸ್ಟಿರಾಯ್ಡ್ ಸೇರಿರುತ್ತದೆ. ನಾಯಿ ಅದನ್ನು ನೆಕ್ಕಿ ಒಳಗೂ ತಗೊಳ್ಳುತ್ತದೆ.

ವೈದ್ಯರು ಸೆಲ್ಲೊಟೇಪ್ ಅಥವಾ ಗಾಜಿನ ಸ್ಲೈಡನ್ನು ಚರ್ಮಕ್ಕೆ ಒತ್ತಿ, ಬಣ್ಣ ಹಾಕಿ ನೋಡುವ ಪರೀಕ್ಷೆ ಕೆಲವೇ ನಿಮಿಷದ್ದು. ಕೇಳಿ ಮಾಡಿಸಿಕೊಳ್ಳಿ. ನಿಮ್ಮೂರ ಆಸ್ಪತ್ರೆಯಲ್ಲಿ ಮೈಕ್ರೋಸ್ಕೋಪ್ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಕಿವಿಯನ್ನೂ ಮೂಸಿ ನೋಡಿ. ವರ್ಷಕ್ಕೆ ಮೂರು-ನಾಲ್ಕು ಸಲ ಕಿವಿ ಸೋರುವ ನಾಯಿಗೆ ಪ್ರತಿ ಸಲ ಡ್ರಾಪ್ಸ್ ಹಾಕಿ ಕಳಿಸುತ್ತಾರೆ. ಅದರ ಹಿಂದೆ ಅಲರ್ಜಿ ಇರಬಹುದು ಎಂದು ಯಾರಿಗೂ ಹೊಳೆದಿರುವುದಿಲ್ಲ. ಕೆಲವು ನಾಯಿಗಳಲ್ಲಿ ಅಲರ್ಜಿಯ ಗುರುತು ಕಿವಿ ಮಾತ್ರವೇ.

ಚಿಕಿತ್ಸೆಯಲ್ಲಿ ನಾನು ಸ್ನಾನಕ್ಕೆ ದೊಡ್ಡ ಜಾಗ ಕೊಡುತ್ತೇನೆ. ಕ್ಲೋರ್‌ಹೆಕ್ಸಿಡಿನ್ ಇರುವ, ಯೀಸ್ಟ್ ಇದ್ದರೆ ಜೊತೆಗೆ ಮೈಕೊನಜೋಲ್ ಇರುವ ಶಾಂಪೂ ತನ್ನಿ. ನೊರೆ ಹಚ್ಚಿ ಹತ್ತು ನಿಮಿಷ ಬಿಡಬೇಕು. ಹತ್ತು ನಿಮಿಷ ಅಂದರೆ ಗಡಿಯಾರದ ಹತ್ತು ನಿಮಿಷ. ಹಚ್ಚಿದ ಕೂಡಲೇ ನೀರು ಹೊಯ್ದರೆ ದುಡ್ಡು ಚರಂಡಿಗೆ ಹೋದಂತೆ. ನೀರು ಉಗುರುಬೆಚ್ಚಗಿಗಿಂತ ತಣ್ಣಗಿರಲಿ, ಬಿಸಿನೀರು ಕೆರೆತ ಹೆಚ್ಚಿಸುತ್ತದೆ. ನಮ್ಮ ಶಾಂಪೂ, ಸೋಪು, ಡೆಟಾಲ್ ಬೇಡ. ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ತೊಂದರೆ ಮಾಡುವುದಿಲ್ಲ, ಜಿಡ್ಡಿನ ಯೀಸ್ಟ್ ಚರ್ಮಕ್ಕೆ ಮಾಡುತ್ತದೆ. ಅದಕ್ಕೆ ಕರ್ಪೂರ ಬೆರೆಸಿ ಹಚ್ಚುವುದು ಮಾತ್ರ ಖಂಡಿತ ಬೇಡ. ನಾಯಿ ನೆಕ್ಕಿದರೆ ಕರ್ಪೂರ ವಿಷ.

ಆಹಾರ: ಬ್ರ್ಯಾಂಡ್ ಬದಲಿಸುವುದು ಪರೀಕ್ಷೆಯಲ್ಲ

ಹುಳ ಇಲ್ಲ, ಸೋಂಕು ಹೋಯಿತು, ಆದರೂ ವರ್ಷವಿಡೀ ಕೆರೆತ. ಈಗ ಊಟದ ಸರದಿ. ಒಂದು ವರ್ಷದೊಳಗಿನ ಮರಿಗೆ ಶುರುವಾಗಿದ್ದರೆ, ಅಥವಾ ಏಳೆಂಟು ವರ್ಷ ಆರಾಮಾಗಿದ್ದ ನಾಯಿಗೆ ಇದ್ದಕ್ಕಿದ್ದಂತೆ ಬಂದಿದ್ದರೆ, ಜೊತೆಗೆ ಹೊಟ್ಟೆ ಗುಡುಗುಡು, ದಿನಕ್ಕೆ ನಾಲ್ಕೈದು ಸಲ ಕಕ್ಕಸು ಇದ್ದರೆ ಆಹಾರದ ಮೇಲೆ ಅನುಮಾನ ಜಾಸ್ತಿ.

‘ಹುಟ್ಟಿದಾಗಿನಿಂದ ಇದನ್ನೇ ತಿಂತಿದೆ, ಇದರಿಂದ ಹೇಗೆ ಆಗುತ್ತೆ?’ ಅನ್ನುತ್ತಾರೆ. ಅಲರ್ಜಿ ಬರುವುದು ತಿಂದು ತಿಂದು ಮೈಗೆ ಪರಿಚಯವಾದ ಪದಾರ್ಥಕ್ಕೇ. ನಾಯಿಗಳಲ್ಲಿ ಹೆಚ್ಚು ವರದಿಯಾಗಿರುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಈಗ ನಮ್ಮ ಮನೆಗಳ ನಾಯಿಯ ತಟ್ಟೆ ನೋಡಿ: ಕೋಳಿ-ಅನ್ನ, ಮೊಸರನ್ನ, ಚಪಾತಿ ತುಂಡು, ಹಾಲಲ್ಲಿ ಅದ್ದಿದ ಬಿಸ್ಕತ್ತು. ಕೋಳಿ ‘ಉಷ್ಣ’ ಆಗಿ ಕೆರೆತ ಬರುವುದಿಲ್ಲ. ಕೋಳಿಯ ಪ್ರೋಟೀನಿಗೆ ಆ ಒಂದು ನಾಯಿಯ ಮೈ ತಿರುಗಿಬಿದ್ದಿದ್ದರೆ ಬರುತ್ತದೆ, ಅಷ್ಟೇ. ಇನ್ನೊಂದು ನಾಯಿಗೆ ಅದೇ ಕೋಳಿ ಅಮೃತ. ಕೋಳಿ ನಿಲ್ಲಿಸಿ ಮೊಸರನ್ನಕ್ಕೆ ಹಾಕಿದರೆ ಹಾಲಿನ ಅಲರ್ಜಿಯ ನಾಯಿಗೆ ಕೆರೆತ ಹೆಚ್ಚೇ ಆಗಬಹುದು.

ರಕ್ತ, ಕೂದಲು, ಎಂಜಲು ಕಳಿಸಿ ಆಹಾರದ ಅಲರ್ಜಿ ಪಟ್ಟಿ ತರಿಸುವ ಪರೀಕ್ಷೆಗಳು ಮಾರಾಟದಲ್ಲಿವೆ. ಅವನ್ನು ನಂಬಿ ಊಟ ನಿರ್ಧರಿಸಬೇಡಿ. ನಂಬಬಹುದಾದ ದಾರಿ ಒಂದೇ, ಅದು ಪಥ್ಯ. ನಾಯಿ ಈವರೆಗೆ ತಿಂದೇ ಇಲ್ಲದ ಒಂದು ಮಾಂಸ, ಒಂದು ಪಿಷ್ಟ, ಅಷ್ಟೇ. ಮಟನ್ ಮುಟ್ಟದ ನಾಯಿಗೆ ಮಟನ್-ಸಿಹಿಗೆಣಸು, ಮೀನು ತಿನ್ನದ ಬಯಲುಸೀಮೆಯ ನಾಯಿಗೆ ಮೀನು-ಆಲೂಗಡ್ಡೆ, ಕೊಡಗಿನ ಆಚೆಯ ನಾಯಿಗಾದರೆ ಹಂದಿಮಾಂಸ. ಇಲ್ಲವೇ ಪ್ರೋಟೀನನ್ನು ಸಣ್ಣ ಚೂರುಗಳಾಗಿ ಒಡೆದ ‘ಹೈಡ್ರೊಲೈಸ್ಡ್’ ಆಹಾರ. ಅದು ದುಬಾರಿ, ಆದರೆ ತಲೆನೋವು ಕಡಿಮೆ. ಅವಧಿ ಕನಿಷ್ಠ 8 ವಾರ. ಅಲರ್ಜಿ ಇರುವ ಹತ್ತರಲ್ಲಿ ಒಂಬತ್ತು ನಾಯಿಗಳು ಅಷ್ಟರೊಳಗೆ ಸುಧಾರಿಸುತ್ತವೆ. ಎರಡೇ ವಾರ ನೋಡಿ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ.

ಪಥ್ಯ ಕೆಡುವುದು ತಟ್ಟೆಯಲ್ಲಲ್ಲ, ತಟ್ಟೆಯ ಹೊರಗೆ. ನನಗೆ ಗೊತ್ತಿರುವ ಒಂದು ಲ್ಯಾಬ್ರಡಾರ್ ಮನೆಯಲ್ಲಿ ಅಮ್ಮ ತೂಕ ಹಾಕಿ ಮೀನು ಬೇಯಿಸುತ್ತಿದ್ದರು, ಕೆರೆತ ಮಾತ್ರ ಅಲ್ಲಾಡಲಿಲ್ಲ. ಬೆಳಗಿನ ಕಾಫಿ ಹೊತ್ತಿಗೆ ಅಜ್ಜ ಪೇಪರ್ ಓದುತ್ತ ಎಡಗೈ ಕೆಳಗೆ ಬಿಡುತ್ತಿದ್ದರು, ಅದರಲ್ಲಿ ಅರ್ಧ ಬಿಸ್ಕತ್ತು. ಗೋಧಿ, ಹಾಲಿನ ಪುಡಿ ಎರಡೂ ಅದರಲ್ಲಿತ್ತು. ‘ಒಂದು ಚೂರಿಗೆ ಏನಾಗುತ್ತೆ?’ ಎಂದು ಕೇಳಿದರು. ಪರೀಕ್ಷೆ ಹಾಳಾಗುತ್ತೆ, ಅದೇ ಆಗೋದು. ಬಿಸ್ಕತ್ತಿನ ಬದಲು ಅದೇ ಮೀನಿನ ಒಣಗಿಸಿದ ತುಂಡನ್ನು ಅಜ್ಜನ ಕೈಗೆ ಕೊಟ್ಟ ಮೇಲೆ ಇಬ್ಬರಿಗೂ ಸಮಾಧಾನವಾಯಿತು. ಅಡಗಿರುವ ಇನ್ನಷ್ಟು ಶತ್ರುಗಳು: ಜಗಿಯುವ ಮೂಳೆ, ರುಚಿ ಸೇರಿಸಿದ ಹುಳದ ಮಾತ್ರೆ, ಮಾತ್ರೆ ನುಂಗಿಸಲು ಬಳಸುವ ಚೀಸ್, ಬೆಕ್ಕಿನ ತಟ್ಟೆ, ಮಗುವಿನ ಕೈ, ಬೀದಿ ಬದಿಯ ಕಸ. ಮನೆಕೆಲಸದವರಿಗೂ ವಾಚ್‌ಮನ್‌ಗೂ ಹೇಳಿಡಿ.

ಎಂಟು ವಾರದಲ್ಲಿ ಅಂಕ ಇಳಿದರೆ ಕೆಲಸ ಮುಗಿಯಲಿಲ್ಲ. ಹಳೆಯ ಊಟವನ್ನೇ ಮತ್ತೆ ಕೊಡಬೇಕು. ಇಲ್ಲಿ ಯಾರೂ ಒಪ್ಪುವುದಿಲ್ಲ, ‘ಸರಿಹೋಗಿದೆ ಬಿಡಿ’ ಅನ್ನುತ್ತಾರೆ. ಆದರೆ ಮಳೆ ಬಂದು ಧೂಳು ಕಡಿಮೆಯಾಗಿ ವಾಸಿಯಾಯಿತೋ, ಊಟದಿಂದಲೋ ಹೇಗೆ ಗೊತ್ತಾಗಬೇಕು? ಹಳೆಯ ಊಟಕ್ಕೆ ಎರಡು ವಾರದೊಳಗೆ ಕೆರೆತ ಮರಳಿದರೆ, ಪಥ್ಯಕ್ಕೆ ಮತ್ತೆ ಇಳಿದರೆ, ಆಗ ಖಚಿತ. ಆಮೇಲೆ ಕೋಳಿ, ಮೊಟ್ಟೆ, ಹಾಲು, ಗೋಧಿ ಒಂದೊಂದನ್ನೇ ಎರಡೆರಡು ವಾರ ಕೊಟ್ಟು ತಪ್ಪಿತಸ್ಥನನ್ನು ಹಿಡಿಯಬಹುದು. ಮನೆಯಲ್ಲೇ ಬೇಯಿಸುವ ಊಟವನ್ನು ಶಾಶ್ವತ ಮಾಡುವುದಾದರೆ ಕ್ಯಾಲ್ಸಿಯಂ, ವಿಟಮಿನ್ ಎಷ್ಟು ಸೇರಿಸಬೇಕೆಂದು ವೈದ್ಯರನ್ನು ಕೇಳಿ. ಬರೀ ಮಾಂಸ-ಗೆಣಸು ತಿಂಗಳುಗಟ್ಟಲೆ ನಡೆಯುವುದಿಲ್ಲ, ಅದರಲ್ಲೂ ಮರಿಗಳಿಗೆ.

ಉಳಿದದ್ದು: ಧೂಳು, ಪರಾಗ, ಬೂಷ್ಟು

ಇದಕ್ಕೆ ಅಟಾಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಹೆಚ್ಚಿನ ನಾಯಿಗಳಲ್ಲಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್, ಜರ್ಮನ್ ಶೆಫರ್ಡ್, ಬಾಕ್ಸರ್ ಇವುಗಳಲ್ಲಿ ಜಾಸ್ತಿ, ನಾಡುನಾಯಿಗೂ ಬರುತ್ತದೆ. ಮೊದಲ ವರ್ಷ ಒಂದು ಕಾಲದಲ್ಲಿ ಮಾತ್ರ, ಆಮೇಲೆ ವರ್ಷವಿಡೀ. ಮನೆಯ ಧೂಳಿನ ನುಸಿ ದೊಡ್ಡ ಕಾರಣ. ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಹುಲ್ಲು, ಕಾಂಗ್ರೆಸ್ ಕಳೆ ಬೆಳೆದ ಸೈಟಿನಲ್ಲಿ ಓಡಾಡಿ ಬಂದ ಮೇಲೆ ಪಾದ, ಹೊಟ್ಟೆ ತೊಳೆದು ಒರೆಸಿ.

ಚರ್ಮದೊಳಗೆ ಸಣ್ಣ ಸಣ್ಣ ಸೂಜಿ ಹಾಕಿ ನೋಡುವ ಪರೀಕ್ಷೆ, ರಕ್ತದ ಪರೀಕ್ಷೆ ಇವೆ. ಅವು ಅಲರ್ಜಿ ಇದೆಯೋ ಇಲ್ಲವೋ ಎಂದು ಹೇಳುವುದಕ್ಕಲ್ಲ. ಇದೆ ಎಂದು ತೀರ್ಮಾನವಾದ ಮೇಲೆ, ಯಾವುದರ ವಿರುದ್ಧ ಇಮ್ಯುನೋಥೆರಪಿ, ಅಂದರೆ ಅಲರ್ಜಿ ತರುವ ಪದಾರ್ಥವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಮೈಗೆ ರೂಢಿ ಮಾಡಿಸುವ ಚಿಕಿತ್ಸೆ, ಕೊಡಬೇಕೆಂದು ಆರಿಸುವುದಕ್ಕೆ. ಆ ಚಿಕಿತ್ಸೆಯ ಫಲ ನೋಡಲು ಒಂದು ವರ್ಷ ತಾಳ್ಮೆ ಬೇಕು.

ಕೆರೆತ ಇಳಿಸುವ ಔಷಧಿಗಳಲ್ಲಿ ಪ್ರೆಡ್ನಿಸೊಲೋನ್ ಎನ್ನುವ ಸ್ಟಿರಾಯ್ಡ್ ಅಗ್ಗ, ಬೇಗ ಕೆಲಸ ಮಾಡುತ್ತದೆ. ಕೆಲವು ದಿನಕ್ಕಾದರೆ ನನ್ನ ತಕರಾರಿಲ್ಲ. ತಿಂಗಳಿಗೊಂದು ‘ಕೆರೆತದ ಸೂಜಿ’ ಹಾಕಿಸಿಕೊಂಡು ಬರುವುದು ಬೇರೆ ಮಾತು. ನಾಯಿ ಕೊಡಗಟ್ಟಲೆ ನೀರು ಕುಡಿದು ಮನೆತುಂಬ ಉಚ್ಚೆ ಹೊಯ್ಯುತ್ತದೆ, ಊದಿಕೊಳ್ಳುತ್ತದೆ, ಸೋಂಕು ಹೆಚ್ಚುತ್ತದೆ. ಡೆಮೊಡೆಕ್ಸ್ ಇದ್ದರೆ ಉರಿಯುವ ಬೆಂಕಿಗೆ ತುಪ್ಪ. ತುಂಬ ದಿನ ಕೊಟ್ಟ ಸ್ಟಿರಾಯ್ಡನ್ನು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ಓಕ್ಲಸಿಟಿನಿಬ್ ಮಾತ್ರೆ ಅದೇ ದಿನ ಕೆರೆತ ಇಳಿಸುತ್ತದೆ, ಒಂದು ವರ್ಷ ತುಂಬದ ನಾಯಿಗೆ ಕೊಡುವಂತಿಲ್ಲ. ಲೋಕಿವೆಟ್‌ಮ್ಯಾಬ್ ಸೂಜಿ ನಾಲ್ಕರಿಂದ ಎಂಟು ವಾರ ಇರುತ್ತದೆ. ಸೈಕ್ಲೊಸ್ಪೋರಿನ್ ಫಲ ಕಾಣಲು ಒಂದು ತಿಂಗಳಾದರೂ ಬೇಕು. ಸೆಟಿರಿಜಿನ್ ಥರದ ಮಾತ್ರೆಗಳು ನಾಯಿಯ ಕೆರೆತಕ್ಕೆ ಅಷ್ಟಕ್ಕಷ್ಟೇ. ನಮ್ಮ ಶೀತದ ಮಾತ್ರೆಗಳಲ್ಲಂತೂ ಪ್ಯಾರಾಸಿಟಮಾಲ್, ಸ್ಯೂಡೋಎಫೆಡ್ರಿನ್ ಸೇರಿರಬಹುದು, ಅವು ನಾಯಿಗೆ ವಿಷ.

ವೈದ್ಯರ ಹತ್ತಿರ ಹೋಗುವಾಗ

ಹಿಂದಿನ ಎರಡು-ಮೂರು ದಿನ ಸ್ನಾನ ಮಾಡಿಸಬೇಡಿ, ಕಿವಿ ತೊಳೆಯಬೇಡಿ. ತೊಳೆದು ಮಿರಮಿರ ಮಾಡಿಕೊಂಡು ಹೋದರೆ ಸ್ಲೈಡಿನಲ್ಲಿ ಏನು ಸಿಗಬೇಕು? ಅಂಕ ಬರೆದ ಕ್ಯಾಲೆಂಡರ್, ಆಹಾರದ ಚೀಲದ ಹಿಂಭಾಗದ ಫೋಟೋ, ಈಗಾಗಲೇ ಕೊಟ್ಟ ಮಾತ್ರೆ-ಸೂಜಿಗಳ ಹೆಸರು ಮತ್ತು ತಾರೀಖು ಇಟ್ಟುಕೊಳ್ಳಿ. ಯಾವ ಸೂಜಿ ಎಂದು ಹಿಂದಿನ ವೈದ್ಯರು ಬರೆದುಕೊಟ್ಟಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕ್ಲಿನಿಕ್ಕಿನಲ್ಲಿ ಹೆದರಿಕೆಗೆ ನಾಯಿ ಕೆರೆಯುವುದನ್ನೇ ಮರೆತು ಕೂರುತ್ತದೆ. ಅದಕ್ಕೆ ಮನೆಯಲ್ಲಿ ರಾತ್ರಿ ಕೆರೆಯುವಾಗ ಒಂದು ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ.